ಬಿನ್ನಹವೂ ದಂಗೆಯೂ: ಪುಷ್ಕಿನನ ಎರಡು ಪುಗಚೋವ್ ಗ್ರಂಥಗಳು

೧

ಒಂದೇ ವಸ್ತುವನ್ನು ಒಬ್ಬನೇ ಲೇಖಕನು ಮೊದಲು ಇತಿಹಾಸವಾಗಿ, ಅನಂತರ ಕಾದಂಬರಿಯಾಗಿ ಬರೆದ ನಿದರ್ಶನಗಳು ವಿಶ್ವಸಾಹಿತ್ಯದಲ್ಲಿ ವಿರಳ. ರಷ್ಯದ ಮಹಾಕವಿ ಅಲೆಕ್ಸಾಂಡರ್ ಪುಷ್ಕಿನ್ (೧೭೯೯-೧೮೩೭) ಅಂಥ ಕಾರ್ಯವನ್ನು ಕೈಕೊಂಡು ಎರಡನ್ನೂ ಪೂರೈಸಿದವನು. ೧೭೭೩ರಿಂದ ೧೭೭೫ರವರೆಗೆ ರಷ್ಯದ ಸಿಂಹಾಸನವನ್ನು ನಡುಗಿಸಿದ ಕೊಸಾಕರ ದಂಗೆಯೇ ಆ ವಸ್ತು. ಯೆಮೆಲ್ಯಾನ್ ಪುಗಚೋವ್ ಆ ದಂಗೆಯ ಮುಂದಾಳು. 'ಪುಗಚೋವ್ ದಂಗೆಯ ಇತಿಹಾಸ' ೧೮೩೪ರ ಕೊನೆಯಲ್ಲಿ ಅಚ್ಚಾಯಿತು. 'ಕ್ಯಾಪ್ಟನನ ಮಗಳು' ಎಂಬ ಕಾದಂಬರಿ ೧೮೩೬ರಲ್ಲಿ, ಪುಷ್ಕಿನನೇ ನಡೆಸುತ್ತಿದ್ದ 'ಸೊವ್ರೆಮೆನ್ನಿಕ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಂಗ್ಲಿಷ್ ಅನುವಾದಗಳ ಮೂಲಕ ರಷ್ಯನ್ ಸಾಹಿತ್ಯವನ್ನು ಪರಿಚಯ ಮಾಡಿಕೊಂಡ ಕನ್ನಡಿಗರಲ್ಲಿ ಕಾದಂಬರಿಯನ್ನು ಓದಿದವರು ಹಲವರಿದ್ದಾರೆ. ಇತಿಹಾಸವನ್ನು ಓದಿದವರು ಕೆಲವರೇ. ರಷ್ಯದಲ್ಲಿಯೂ ಸ್ಥಿತಿ ಇದಕ್ಕಿಂತ ತೀರ ಬೇರೆಯಾಗಿಲ್ಲ. ಪ್ರಸಿದ್ಧ ಇತಿಹಾಸಕಾರನಾದ ಕ್ಲ್ಯುಚೆವ್‌ಸ್ಕಿ, ಪುಷ್ಕಿನನ ಇತಿಹಾಸಗ್ರಂಥದಲ್ಲಿರುವುದಕ್ಕಿಂತ ಹೆಚ್ಚಿನ ಇತಿಹಾಸ ಅವನ ಕಾದಂಬರಿಯಲ್ಲಿದೆಯೆಂದು ಅಭಿಪ್ರಾಯಪಟ್ಟನು. ಕವಯಿತ್ರಿ ಮರೀನಾ ತ್ಸ್ವೆತಾಯೆವಾ ೧೯೩೭ರ ತನ್ನ ಪ್ರಬಂಧದಲ್ಲಿ ಇನ್ನೂ ಮುಂದೆ ಹೋದಳು: ದಾಖಲೆಗಳಲ್ಲಿನ ಕ್ರೂರಿಯನ್ನು ಚೆನ್ನಾಗಿ ಬಲ್ಲ ಮೇಲೆಯೂ ಕವಿಯು ಮನಸ್ಸನ್ನು ಸೆಳೆಯುವ ಪುಗಚೋವನನ್ನು ಸೃಷ್ಟಿಸಿದನು, ಆ ಸೃಷ್ಟಿಯ ಸತ್ಯವೇ ಹಿರಿದು ಎಂಬುದು ಆಕೆಯ ವಾದ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ. ಆದರೆ ಒಂದು ಪ್ರಶ್ನೆಗೆ ಎರಡರಿಂದಲೂ ಉತ್ತರ ದೊರೆಯುವುದಿಲ್ಲ. ಜನರು ಏಕೆ ದಂಗೆಯೆದ್ದರು? ಈ ಪ್ರಶ್ನೆಯನ್ನು ಹಿಡಿದು ಓದಿದಾಗ ಕಾದಂಬರಿಯ ಕೊನೆಯೂ ಇತಿಹಾಸದ ಮೊದಲೂ ಒಂದಕ್ಕೊಂದು ಎದುರುಬದುರಾಗಿ ನಿಲ್ಲುತ್ತವೆ. ಕಾದಂಬರಿ ಮುಗಿಯುವುದು ರಾಣಿಯ ಬಳಿಗೆ ಒಯ್ದ ಬಿನ್ನಹವೊಂದು ಫಲಿಸುವುದರಿಂದ. ಇತಿಹಾಸ ಮೊದಲಾಗುವುದು ಅದೇ ರಾಣಿಯ ಬಳಿಗೆ ಒಯ್ದ ಬಿನ್ನಹಗಳು ನಿಷ್ಫಲವಾದುದರಿಂದ. ಎರಡನ್ನೂ ಜೊತೆಯಲ್ಲಿಟ್ಟು ನೋಡದೆ ಯಾವುದೊಂದರ ಬೆಲೆಯನ್ನೂ ಕಟ್ಟಲಾಗದು.

೨

ಯಾಯಿಕ್ ಎಂಬುದು ಇಂದಿನ ಉರಾಲ್ ನದಿಯ ಹಳೆಯ ಹೆಸರು. ಆ ನದಿಯ ದಡದಲ್ಲಿ ನೆಲೆಸಿದ ಕೊಸಾಕರಿಗೆ ನದಿಯೇ ಹೊಲ, ಮೀನೇ ಬೆಳೆ. ಸ್ಟರ್ಜನ್ ಜಾತಿಯ ದೊಡ್ಡ ಮೀನುಗಳನ್ನೂ ಅವುಗಳ ಮೊಟ್ಟೆಯನ್ನೂ ಮಾರಿ ಅವರು ಬಾಳುತ್ತಿದ್ದರು. ಮೀನು ಮೇಲಕ್ಕೆ ದಾಟಿಹೋಗದಂತೆ ತಮ್ಮ ಪಟ್ಟಣದ ಬಳಿ ನದಿಗೆ ಅಡ್ಡಲಾಗಿ ಕಂಬಗಳನ್ನು ನೆಟ್ಟು ತಡೆ ಕಟ್ಟಿದ್ದರು. ಗಡಿಯನ್ನು ಕಾಯುವುದು, ಕರೆ ಬಂದಾಗ ಯುದ್ಧಕ್ಕೆ ಹೋಗುವುದು ಅವರು ಅರಸನಿಗೆ ಸಲ್ಲಿಸುತ್ತಿದ್ದ ಸೇವೆ. ಅದಕ್ಕೆ ಪ್ರತಿಯಾಗಿ ನದಿಯು ತಮ್ಮದು, ಮುಖಂಡನನ್ನು ಆರಿಸುವ ಅಧಿಕಾರ ತಮ್ಮದು ಎಂಬುದು ಅವರ ದೃಢವಾದ ನಂಬಿಕೆ. 'ಕ್ರುಗ್' ಎಂಬ ಕೂಟದಲ್ಲಿ ಸೇರಿ, ಕೂಗಿ, ಜಗಳವಾಡಿ ಅವರು ತಮ್ಮ 'ಅತಮಾನ'ನನ್ನು ಆರಿಸಿಕೊಳ್ಳುತ್ತಿದ್ದರು.

ಹದಿನೆಂಟನೆಯ ಶತಮಾನದಲ್ಲಿ ಈ ಒಪ್ಪಂದ ಒಂದೊಂದೇ ಕೊಂಡಿ ಕಳಚುತ್ತ ಬಂತು. ೧೭೨೧ರಲ್ಲಿ ಯಾಯಿಕ್ ಪಡೆಯನ್ನು ಯುದ್ಧಮಂಡಲಿಯ ಆಡಳಿತಕ್ಕೆ ಒಳಪಡಿಸಲಾಯಿತು. ಅತಮಾನನ ನೇಮಕದಲ್ಲಿ ಸರ್ಕಾರದ ಕೈ ಮೇಲಾಯಿತು. ಮೀನುಗಾರಿಕೆಯ ಮೇಲಿನ ತೆರಿಗೆಯನ್ನೂ ಉಪ್ಪಿನ ತೆರಿಗೆಯನ್ನೂ ಪಡೆಯು ಗುತ್ತಿಗೆಯಾಗಿ ಹಿಡಿಯಬೇಕಾಯಿತು. ಗುತ್ತಿಗೆಯ ಹಣವನ್ನು ಎತ್ತುವವರು ಪಡೆಯ ಹಿರಿಯರು. ಕೊಡುವವರು ಸಾಮಾನ್ಯ ಕೊಸಾಕರು. ಮೀನನ್ನು ಉಪ್ಪಿನಲ್ಲಿ ಹಾಕದೆ ಮಾರುಕಟ್ಟೆಗೆ ಒಯ್ಯುವಂತಿಲ್ಲವಾದ್ದರಿಂದ ಉಪ್ಪಿನ ತೆರಿಗೆಯು ನೇರವಾಗಿ ಅವರ ಅನ್ನದ ಮೇಲೆಯೇ ಬಿದ್ದಿತು. ಸರ್ಕಾರಕ್ಕೆ ಕಟ್ಟಿದ್ದೆಷ್ಟು, ಜನರಿಂದ ಎತ್ತಿದ್ದೆಷ್ಟು, ಸೈನಿಕರಿಗೆ ಸಲ್ಲಬೇಕಾದ ಸಂಬಳದಲ್ಲಿ ಹಿಡಿದುಕೊಂಡದ್ದೆಷ್ಟು? ಈ ಲೆಕ್ಕವನ್ನು ಕೊಸಾಕರು ಕೇಳಿದರು, ಹಿರಿಯರು ಕೊಡಲಿಲ್ಲ. ಪಡೆ ಎರಡು ಪಂಗಡವಾಯಿತು: ಹಿರಿಯರ ಪಕ್ಷ ಒಂದು, ಸಾಮಾನ್ಯರ ಪಕ್ಷ ಇನ್ನೊಂದು. ಸಾಮ್ರಾಜ್ಯವನ್ನು ನಡುಗಿಸಿದ ದಂಗೆಯ ಬೇರು ಒಂದು ನದಿಯ ಲೆಕ್ಕಪುಸ್ತಕದಲ್ಲಿತ್ತೆಂಬುದು ಅತಿಶಯೋಕ್ತಿಯಲ್ಲ.

ವಿಚಾರಣೆಗೆಂದು ರಾಜಧಾನಿಯಿಂದ ಅಧಿಕಾರಿಗಳು ಮತ್ತೆಮತ್ತೆ ಬಂದರು, ಹೋದರು. ಜನರ ಅಳಲು ಹಾಗೆಯೇ ಉಳಿಯಿತು. ಕೊನೆಗೆ ಕೊಸಾಕರು ರಾಣಿ ಎರಡನೆಯ ಕ್ಯಾಥರೀನಳಿಗೇ ನೇರವಾಗಿ ಅರಿಕೆ ಮಾಡಿಕೊಳ್ಳಲು ತಮ್ಮ ಪ್ರತಿನಿಧಿಗಳನ್ನು ಗುಟ್ಟಾಗಿ ಕಳುಹಿಸಿದರು. ಯುದ್ಧಮಂಡಲಿಯ ಅಧ್ಯಕ್ಷನ ಆಜ್ಞೆಯಂತೆ ಆ ಪ್ರತಿನಿಧಿಗಳನ್ನು ಹಿಡಿದು ಸಂಕೋಲೆ ತೊಡಿಸಿ ದಂಗೆಕೋರರೆಂದು ದಂಡಿಸಲಾಯಿತೆಂದು ಪುಷ್ಕಿನ್ ತನ್ನ ಇತಿಹಾಸದ ಮೊದಲ ಅಧ್ಯಾಯದಲ್ಲಿ ಬರೆದಿದ್ದಾನೆ. ಅವನ ಬರಹದಲ್ಲಿ ಇಲ್ಲಿ ಉದ್ಗಾರವಿಲ್ಲ, ವಿಶೇಷಣವಿಲ್ಲ. ದಂಗೆ ಇನ್ನೂ ಹುಟ್ಟಿರಲಿಲ್ಲ. ದಂಗೆಕೋರರೆಂಬ ಹೆಸರು ಮಾತ್ರ ಆಗಲೇ ಹುಟ್ಟಿತ್ತು.

ಹೊಸ ಸೈನ್ಯದಳಕ್ಕೆ ಸೇರಿಸಿ ತಮ್ಮ ಗಡ್ಡವನ್ನು ಬೋಳಿಸುವರೆಂಬ ಭಯವೂ ಇದಕ್ಕೆ ಕೂಡಿಕೊಂಡಿತು. ಹಳೆಯ ಆಚಾರವನ್ನು ಬಿಡದ ಆ ಜನಕ್ಕೆ ಗಡ್ಡವು ಧರ್ಮದ ಲಾಂಛನವಾಗಿತ್ತು. ೧೭೭೧ರಲ್ಲಿ ಅಧಿಕಾರಿಗಳ ಕಾಟ ತಾಳಲಾರದೆ ಕಲ್ಮಿಕರು ಚೀನದ ಕಡೆಗೆ ಗುಳೆ ಹೊರಟಾಗ ಅವರನ್ನು ಬೆನ್ನಟ್ಟುವಂತೆ ಬಂದ ಆಜ್ಞೆಯನ್ನು ಯಾಯಿಕ್ ಕೊಸಾಕರಲ್ಲಿ ಹೆಚ್ಚಿನವರು ಪಾಲಿಸಲಿಲ್ಲ. ೧೭೭೨ರ ಜನವರಿಯಲ್ಲಿ ಸೇನಾಧಿಪತಿ ಟ್ರೌಬೆನ್‌ಬರ್ಗನು ಜನರ ಗುಂಪಿನ ಮೇಲೆ ಫಿರಂಗಿ ಹಾರಿಸಿದನು. ಜನರು ತಿರುಗಿಬಿದ್ದು ಅವನನ್ನೂ ಅತಮಾನನನ್ನೂ ಕೊಂದರು. ಆ ಬೇಸಗೆಯಲ್ಲಿಯೇ ಸರ್ಕಾರದ ಸೈನ್ಯ ಬಂದು ಪಟ್ಟಣವನ್ನು ವಶಪಡಿಸಿಕೊಂಡಿತು. ಕೂಟ ರದ್ದಾಯಿತು, ಅತಮಾನನ ಪದವಿ ರದ್ದಾಯಿತು. ಚಾವಟಿಯ ಏಟು, ಮೂಗಿನ ಹೊಳ್ಳೆಗಳನ್ನು ಕೀಳುವುದು, ಸೈಬೀರಿಯಕ್ಕೆ ಗಡೀಪಾರು ಇವು ಮುಖಂಡರಿಗೆ ವಿಧಿಸಿದ ಶಿಕ್ಷೆಗಳು. ಉಳಿದವರ ಮೇಲೆ ಭಾರಿ ದಂಡ ಬಿದ್ದಿತು. ಆ ದಂಡದ ವಸೂಲಿ ನಡೆಯುತ್ತಿದ್ದ ೧೭೭೩ರ ಬೇಸಗೆಯಲ್ಲಿಯೇ ಯಾಯಿಕ್ ದಡದಲ್ಲಿ 'ಮೂರನೆಯ ಪೀಟರ್ ಮಹಾರಾಜ' ಕಾಣಿಸಿಕೊಂಡನು.

೩

ಕ್ಯಾಥರೀನಳ ಪತಿಯಾದ ನಿಜವಾದ ಮೂರನೆಯ ಪೀಟರ್ ೧೭೬೨ರಲ್ಲಿ ಪದಚ್ಯುತನಾಗಿ ಕೊಲೆಯಾಗಿದ್ದನು. ಕಾಣಿಸಿಕೊಂಡವನು ಡಾನ್ ಪ್ರಾಂತದ ಕೊಸಾಕ್ ಪುಗಚೋವ್: ಏಳು ವರ್ಷದ ಯುದ್ಧದಲ್ಲಿಯೂ ತುರ್ಕಿಯ ಯುದ್ಧದಲ್ಲಿಯೂ ಕಾದಿದವನು, ಸೈನ್ಯದಿಂದ ತಲೆತಪ್ಪಿಸಿಕೊಂಡವನು, ಸೆರೆಯಿಂದ ಓಡಿಬಂದವನು, ಓದುಬರಹ ಬಾರದವನು. ಅವನು ಅರಸನಲ್ಲವೆಂಬುದು ಅವನನ್ನು ಮೊದಲು ಬರಮಾಡಿಕೊಂಡ ಕೊಸಾಕರಿಗೆ ತಿಳಿಯದ ಸಂಗತಿಯಲ್ಲ. ಆದರೆ ಅವರಿಗೊಬ್ಬ ಅರಸ ಬೇಕಾಗಿದ್ದನು. ಇರುವ ಸಿಂಹಾಸನ ಬಿನ್ನಹವನ್ನು ಕೇಳದಿದ್ದಾಗ, ಕೇಳುವ ಸಿಂಹಾಸನವನ್ನು ಅವರು ತಾವೇ ಹೂಡಿಕೊಂಡರು. ಸೆಪ್ಟೆಂಬರಿನಲ್ಲಿ ಅವನ ಹೆಸರಿನಲ್ಲಿ ಹೊರಟ ಮೊದಲ ಘೋಷಣೆ ನದಿಯನ್ನು ಉಗಮದಿಂದ ಸಮುದ್ರದವರೆಗೆ ಕೊಸಾಕರಿಗೆ ಕೊಟ್ಟಿತು. ನೆಲ, ಹುಲ್ಲು, ಸಂಬಳ, ಸೀಸ, ಮದ್ದು, ಧಾನ್ಯ ಎಲ್ಲವನ್ನೂ ಕೊಟ್ಟಿತು. ವ್ಯಾಕರಣ ತಪ್ಪಿದ ಆ ಬರಹವನ್ನು ಪುಷ್ಕಿನ್ ಜನವಾಣಿಯ ಬೆರಗುಗೊಳಿಸುವ ಮಾದರಿಯೆಂದು ಮೆಚ್ಚಿದ್ದಾನೆ. ಕವಿಯ ಕಿವಿ ಇಲ್ಲಿ ತಪ್ಪಿಲ್ಲ. ತಿರಸ್ಕೃತವಾದ ಬಿನ್ನಹದ ಒಂದೊಂದು ಅಂಶವೂ ಅದರಲ್ಲಿ ರಾಜಾಜ್ಞೆಯ ರೂಪ ತಾಳಿ ಮರಳಿ ಬಂದಿದೆ.

ನದಿಯ ವ್ಯಾಜ್ಯ ಸಾಮ್ರಾಜ್ಯದ ವ್ಯಾಜ್ಯವಾದದ್ದು ಹೇಗೆ? ಇದೇ ಬಗೆಯ ಮುಚ್ಚಿದ ಬಾಗಿಲುಗಳು ಸುತ್ತಲೂ ಇದ್ದವು. ೧೭೬೨ರಲ್ಲಿ ಶ್ರೀಮಂತವರ್ಗ ಕಡ್ಡಾಯದ ರಾಜಸೇವೆಯಿಂದ ಬಿಡುಗಡೆ ಹೊಂದಿತು. ಆ ಸೇವೆಯ ಆಧಾರದ ಮೇಲೆಯೇ ಅವರಿಗೆ ಅಧೀನರಾಗಿದ್ದ ಜೀತದ ರೈತರಿಗೆ ಬಿಡುಗಡೆ ಬರಲಿಲ್ಲ. ೧೭೬೭ರ ಶಾಸನವು ಒಡೆಯರ ಮೇಲೆ ರೈತರು ದೂರು ಕೊಡುವುದನ್ನೇ ಅಪರಾಧವನ್ನಾಗಿ ಮಾಡಿತು. ತುರ್ಕಿಯ ಯುದ್ಧಕ್ಕಾಗಿ ಹಳ್ಳಿಹಳ್ಳಿಯಿಂದ ಆಳುಗಳನ್ನು ಹಿಡಿದೊಯ್ಯಲಾಗುತ್ತಿತ್ತು. ಉರಾಲ್ ಪರ್ವತಪ್ರದೇಶದ ಕಬ್ಬಿಣದ ಕಾರ್ಖಾನೆಗಳಿಗೆ ರೈತರನ್ನು ಊರೂರೇ ಬರೆದುಕೊಡಲಾಗಿತ್ತು. ಆ ಕಾರ್ಖಾನೆಗಳು ಎದ್ದು ನಿಂತಿದ್ದ ನೆಲ ಬಶ್ಕೀರರದು. ವರ್ತಕ ತ್ವೆರ್ದಿಶೆವನ ಸಿಮ್ ಕಾರ್ಖಾನೆ ಯೂಲಾಯ್ ಎಂಬ ಬಶ್ಕೀರ ಹಿರಿಯನ ನೆಲವನ್ನು ನುಂಗಿತು. ೧೭೭೪ರಲ್ಲಿ ಅವನ ಮಗ, ಕವಿಯೂ ಯೋಧನೂ ಆದ ತರುಣ ಸಲವಾತ್, ಆ ಕಾರ್ಖಾನೆಯನ್ನು ಸುಟ್ಟನು. ಹೀಗೆ ಒಬ್ಬೊಬ್ಬರು ಒಂದೊಂದು ಗಾಯವನ್ನು ಹೊತ್ತು ಒಂದೇ ಧ್ವಜದ ಕೆಳಗೆ ಬಂದರು. ದಂಗೆಯನ್ನು ಅಡಗಿಸಲು ಬಂದ ಸೇನಾನಿ ಬಿಬಿಕೋವನೇ ತನ್ನ ಪತ್ರವೊಂದರಲ್ಲಿ, ಪುಗಚೋವನೆಂಬ ವ್ಯಕ್ತಿ ಮುಖ್ಯವಲ್ಲ, ಎಲ್ಲೆಡೆ ಹಬ್ಬಿರುವ ಅಸಮಾಧಾನವೇ ಮುಖ್ಯವೆಂಬ ಅಭಿಪ್ರಾಯವನ್ನು ಬರೆದನು. ಪುಷ್ಕಿನ್ ಅದನ್ನು ತನ್ನ ಇತಿಹಾಸದಲ್ಲಿ ಸೇರಿಸಿಕೊಂಡಿದ್ದಾನೆ.

ದಂಗೆಯ ಗತಿಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಓರೆನ್‌ಬುರ್ಗ್ ನಗರಕ್ಕೆ ೧೭೭೩ರ ಅಕ್ಟೋಬರಿನಿಂದ ಸುಮಾರು ಆರು ತಿಂಗಳು ಮುತ್ತಿಗೆ ಬಿದ್ದಿತ್ತು. ೧೭೭೪ರ ಮಾರ್ಚಿಯಲ್ಲಿ ತಾತಿಶ್ಚೆವ್ ಕೋಟೆಯ ಬಳಿ ಪುಗಚೋವ್ ಸೋತನು. ಜುಲೈಯಲ್ಲಿ ಮತ್ತೆ ಎದ್ದು ಕಜಾನ್ ನಗರವನ್ನು ಹೊಕ್ಕು ಸುಟ್ಟನು. ಅದೇ ತಿಂಗಳ ಕೊನೆಯ ಘೋಷಣೆಯಲ್ಲಿ ರೈತರೆಲ್ಲರಿಗೂ ಸ್ವಾತಂತ್ರ್ಯ ಸಾರಿದನು. ನೆಲ, ಕಾಡುಗಳ ಜೊತೆಗೆ ಮೀನಿನ ನೆಲೆಗಳೂ ಉಪ್ಪಿನ ಸರೋವರಗಳೂ ತೆರಿಗೆಯಿಲ್ಲದೆ ಜನರಿಗೆ ಸಲ್ಲತಕ್ಕವೆಂದು ಅದರಲ್ಲಿ ಹೇಳಿತ್ತು. ಶ್ರೀಮಂತರನ್ನು ಹಿಡಿದು ನೇಣುಹಾಕಬೇಕೆಂದೂ ಹೇಳಿತ್ತು. ವೋಲ್ಗಾದ ಪಶ್ಚಿಮ ದಡದಲ್ಲಿ ಆ ಆಜ್ಞೆ ಅಕ್ಷರಶಃ ನಡೆಯಿತು. ಹೆಂಗಸರು ಮಕ್ಕಳೆಂಬ ವಿವೇಚನೆಯೂ ಉಳಿಯಲಿಲ್ಲ. ತುರ್ಕಿಯೊಡನೆ ಸಂಧಿಯಾಗಿ ಬಿಡುವು ದೊರೆತ ಸೈನ್ಯ ಅವನನ್ನು ಬೆನ್ನಟ್ಟಿತು. ಸೆಪ್ಟೆಂಬರಿನಲ್ಲಿ ಅವನ ಜೊತೆಗಾರರಾದ ಕೊಸಾಕರೇ ಅವನನ್ನು ಹಿಡಿದುಕೊಟ್ಟರು; ೧೭೭೫ರ ಜನವರಿಯಲ್ಲಿ ಮಾಸ್ಕೋದಲ್ಲಿ ಅವನ ಶಿರಚ್ಛೇದವಾಯಿತು. ಎಲ್ಲವನ್ನೂ ಮರೆಯಬೇಕೆಂದು ರಾಣಿಯ ಆಜ್ಞೆ ಹೊರಟಿತು. ಯಾಯಿಕ್ ನದಿಗೆ ಉರಾಲ್ ಎಂದು ಹೊಸ ಹೆಸರು ಬಂದಿತು. ಪುಗಚೋವ್ ಹುಟ್ಟಿದ ಊರಿನ ಹೆಸರೂ ಅಳಿಯಿತು.

ಅರುವತ್ತು ವರ್ಷಗಳ ಮೇಲೆ ಪುಷ್ಕಿನ್ ಆ ಮರೆವಿನ ಮುಸುಕನ್ನೆತ್ತಿದನು. ೧೮೩೩ರಲ್ಲಿ ಸೇನಾನಿ ಸುವೊರೊವನ ಚರಿತ್ರೆಯನ್ನು ಬರೆಯುವ ನೆಪದಿಂದ ಸರ್ಕಾರದ ಕಡತಗಳನ್ನು ತರಿಸಿಕೊಂಡನು. ಆ ವರ್ಷದ ಬೇಸಗೆಯ ಕೊನೆಯಲ್ಲಿ ಹೊರಟು ಕಜಾನ್, ಓರೆನ್‌ಬುರ್ಗ್, ಉರಾಲ್‌ಸ್ಕ್ ಪಟ್ಟಣಗಳಿಗೆ ಹೋಗಿ ಬದುಕಿದ್ದ ವೃದ್ಧರನ್ನು ಕಂಡನು. ತಮಗೆ ಅವನು ಕೇಡು ಮಾಡಲಿಲ್ಲವೆಂದು ಅವರು ಹೇಳಿದರು. ಒಬ್ಬ ಮುದುಕನಂತೂ ಪುಗಚೋವನೆಂಬ ಹೆಸರು ಕೇಳಿ ಸಿಟ್ಟಾದನು; ತನ್ನ ಪಾಲಿಗೆ ಅವನು ಇನ್ನೂ ಪೀಟರ್ ಮಹಾರಾಜನೇ ಎಂದನು. ಈ ಸಂಗತಿಗಳನ್ನು ಪುಷ್ಕಿನ್ ಅಚ್ಚಿನ ಗ್ರಂಥದಲ್ಲಿ ಹಾಕಲಿಲ್ಲ; ಚಕ್ರವರ್ತಿಗೆ ಪ್ರತ್ಯೇಕವಾಗಿ ೧೮೩೫ರಲ್ಲಿ ಒಪ್ಪಿಸಿದ ಟಿಪ್ಪಣಿಗಳಲ್ಲಿ ಬರೆದನು. ಸಾಮಾನ್ಯ ಜನವೆಲ್ಲ ಪುಗಚೋವನ ಕಡೆಗಿತ್ತು, ಪಾದ್ರಿಗಳು ಅವನಿಗೆ ಒಳಿತನ್ನು ಬಯಸಿದರು, ಬಹಿರಂಗವಾಗಿ ಸರ್ಕಾರದ ಪಕ್ಷದಲ್ಲಿ ನಿಂತದ್ದು ಶ್ರೀಮಂತವರ್ಗವೊಂದೇ ಎಂಬ ನಿರ್ಣಯವೂ ಆ ಟಿಪ್ಪಣಿಗಳಲ್ಲಿಯೇ ಇದೆ. ರಾಜನಿಗೆ ಇಷ್ಟು ನೇರವಾಗಿ ಹೇಳಿದವನು ಕಾದಂಬರಿಯ ಓದುಗನಿಗೆ ಏನು ಹೇಳಿದನು?

೪

'ಕ್ಯಾಪ್ಟನನ ಮಗಳು' ಸಣ್ಣ ಕಾದಂಬರಿ, ಶೈಲಿ ನಿರಾಡಂಬರ. ತರುಣ ಅಧಿಕಾರಿ ಗ್ರಿನ್ಯೋವನು ಮುಪ್ಪಿನಲ್ಲಿ ತನ್ನ ನೆನಪುಗಳನ್ನು ಬರೆದಿಟ್ಟಂತೆ ಕಥೆ ಸಾಗುತ್ತದೆ. ಹಿಮದ ಬಿರುಗಾಳಿಯಲ್ಲಿ ದಾರಿ ತಪ್ಪಿದ ಅವನಿಗೆ ಒಬ್ಬ ಅಲೆಮಾರಿ ದಾರಿ ತೋರಿಸುತ್ತಾನೆ. ಗ್ರಿನ್ಯೋವ್ ಅವನಿಗೆ ತನ್ನ ಮೊಲದ ತುಪ್ಪಳದ ಅಂಗಿಯನ್ನು ಕೊಡುತ್ತಾನೆ. ಆ ಅಲೆಮಾರಿಯೇ ಪುಗಚೋವ್. ಮುಂದೆ ಅವನು ಗಡಿಯ ಕೋಟೆಯನ್ನು ಹಿಡಿದು ಕೋಟೆಯ ಅಧಿಪತಿ ಮಿರೊನೋವನನ್ನು ನೇಣಿಗೇರಿಸಿದಾಗ ಗ್ರಿನ್ಯೋವನ ಜೀವವನ್ನು ಉಳಿಸುತ್ತಾನೆ. ಮಿರೊನೋವನ ಮಗಳು ಮಾಶಾಳನ್ನು ದುಷ್ಟ ಶ್ವಾಬ್ರಿನನಿಂದ ಬಿಡಿಸಿ ಅವನಿಗೆ ಒಪ್ಪಿಸುತ್ತಾನೆ.

ಈ ಕಥೆಯಲ್ಲಿ ದಂಗೆಯ ಕಾರಣಗಳಿಗೆ ದೊರೆತಿರುವ ಎಡೆ ಬಹು ಕಿರಿದು. ಆರನೆಯ ಅಧ್ಯಾಯದ ಆರಂಭದಲ್ಲಿ ಒಂದೆರಡು ವಾಕ್ಯಗಳಿವೆ. ಅಲ್ಲಿ ಟ್ರೌಬೆನ್‌ಬರ್ಗನ ಕಠಿಣ ಕ್ರಮಗಳೇ ಕಾರಣವೆಂದು ಹೇಳಿ ಮುಗಿಸಲಾಗಿದೆ. ಮೀನಿಲ್ಲ, ಉಪ್ಪಿಲ್ಲ, ಸಂಬಳದ ಬಾಕಿಯಿಲ್ಲ. ಛತ್ರದಲ್ಲಿ ಪುಗಚೋವನೂ ಛತ್ರದವನೂ ಒಗಟಿನ ಮಾತಿನಲ್ಲಿ ಯಾಯಿಕ್ ಪಡೆಯ ವಿಷಯವನ್ನೇ ಆಡಿಕೊಳ್ಳುತ್ತಾರೆ. ಗ್ರಿನ್ಯೋವನಿಗೆ ಆಗ ಅದು ತಿಳಿಯುವುದಿಲ್ಲ. ಕಾರಣವು ಎದುರಿಗೇ ಮಾತಾಡುತ್ತಿದ್ದರೂ ಒಡೆಯರ ಮಗನಿಗೆ ಆ ಭಾಷೆ ಗೊತ್ತಿಲ್ಲ. ಇದು ಕಾದಂಬರಿಕಾರನ ಕೊರತೆಯೆಂದು ತಿಳಿಯಬಾರದು. ಕಥೆ ಹೇಳುವವನ ದೃಷ್ಟಿಯ ಮಿತಿಯನ್ನು ಅವನು ತೋರಿಸಿರುವ ರೀತಿಯಿದು.

ಒಂದು ಕಡೆ ಮಾತ್ರ ಈ ಮೌನ ಬಿರಿಯುತ್ತದೆ. ಪುಗಚೋವನ ಪತ್ರಗಳನ್ನು ತಂದ ಬಶ್ಕೀರ ಮುದುಕನೊಬ್ಬನನ್ನು ವಿಚಾರಣೆಗೆ ಎಳೆತರುತ್ತಾರೆ. ಅವನಿಗೆ ಮೂಗಿಲ್ಲ, ಕಿವಿಯಿಲ್ಲ. ೧೭೪೧ರ ದಂಗೆಯಲ್ಲಿ ಶಿಕ್ಷೆ ಹೊಂದಿದವನು. ಬಾಯಿ ಬಿಡಿಸಲು ಚಾವಟಿಯನ್ನೆತ್ತಿದಾಗ ಅವನು ಬಾಯಿ ತೆರೆಯುತ್ತಾನೆ. ಒಳಗೆ ನಾಲಗೆಯ ಬದಲು ಒಂದು ಮೋಟು ಇದೆ. ಕೋಟೆ ಬಿದ್ದ ದಿನ ನೇಣುಗಂಬದ ಅಡ್ಡತೊಲೆಯ ಮೇಲೆ ಹಗ್ಗ ಹಿಡಿದು ಕುಳಿತು ಕೋಟೆಯ ಅಧಿಪತಿಯನ್ನು ಮೇಲಕ್ಕೆಳೆಯುವವನು ಅವನೇ. ಆ ಅಧಿಪತಿ ಕೆಟ್ಟವನಲ್ಲ. ಹೆಂಡತಿಗೆ ಅಂಜುವ, ಸಿಪಾಯಿಗಳನ್ನು ಮಕ್ಕಳಂತೆ ಕಾಣುವ ಸಾಧು. ಓದುಗರ ಕರುಣೆಯೆಲ್ಲ ಅವನ ಪಾಲಿನದು. ಆದರೂ ಮೊದಲ ಚಿತ್ರವನ್ನು ಕಂಡವರಿಗೆ ಎರಡನೆಯ ಚಿತ್ರ ಕೇವಲ ಕ್ರೌರ್ಯವಾಗಿ ಕಾಣದು. ನಾಲಗೆ ಕತ್ತರಿಸಿದವನಿಂದ ಬಿನ್ನಹವನ್ನು ಎದುರುನೋಡಲಾಗದು. ಇತಿಹಾಸದ ಇಡೀ ಮೊದಲ ಅಧ್ಯಾಯವನ್ನು ಪುಷ್ಕಿನ್ ಇಲ್ಲಿ ಒಂದು ದೇಹದಲ್ಲಿ ಅಡಗಿಸಿಟ್ಟಿದ್ದಾನೆ. ಕ್ಲ್ಯುಚೆವ್‌ಸ್ಕಿಯ ಮಾತು ಸಲ್ಲುವುದಾದರೆ ಈ ಪುಟಗಳಿಗೆ ಸಲ್ಲುತ್ತದೆ.

ಕಾದಂಬರಿಯ ಉಳಿದ ಭಾಗದಲ್ಲಿ ಬಿನ್ನಹಗಳಿಗೆ ಕೊರತೆಯಿಲ್ಲ. ಅವು ಫಲಿಸುತ್ತವೆ ಕೂಡ. ಗ್ರಿನ್ಯೋವನ ಮುದಿ ಸೇವಕ ಸವೇಲಿಚ್ ದಂಗೆಕೋರರು ಕೊಳ್ಳೆಹೊಡೆದ ಬಟ್ಟೆಬರೆಯ ಪಟ್ಟಿಯನ್ನು ಬೆಲೆಸಹಿತವಾಗಿ ಬರೆಯಿಸಿ, ಅದರಲ್ಲಿ ಆ ಮೊಲದ ತುಪ್ಪಳದ ಅಂಗಿಯನ್ನೂ ಬಿಡದೆ ಸೇರಿಸಿ, ಪುಗಚೋವನ ಕೈಗೆ ಒಪ್ಪಿಸುತ್ತಾನೆ. ಪುಗಚೋವ್ ಕೆರಳುತ್ತಾನೆ, ಆಮೇಲೆ ಒಂದು ಕುದುರೆಯನ್ನೂ ಕುರಿಯ ತುಪ್ಪಳದ ಅಂಗಿಯನ್ನೂ ಕಳುಹಿಸುತ್ತಾನೆ. ನಗೆಯುಕ್ಕಿಸುವ ಈ ಪ್ರಸಂಗದಲ್ಲಿಯೂ ಒಂದು ಮರ್ಮವಿದೆ: ರಷ್ಯದ ಆ ಪ್ರಾಂತದಲ್ಲಿ ಬಡವನೊಬ್ಬನು ಒಪ್ಪಿಸಿದ ಲೆಕ್ಕಕ್ಕೆ ಮನ್ನಣೆ ದೊರೆತದ್ದು ಸುಳ್ಳು ಅರಸನಿಂದ. ಅನಾಥೆಯಾದ ಮಾಶಾಳಿಗಾಗಿ ಗ್ರಿನ್ಯೋವ್ ಮಾಡಿದ ಬೇಡಿಕೆಯೂ ಅವನಿಂದ ನೆರವೇರುತ್ತದೆ. ಕೊನೆಗೆ ಗ್ರಿನ್ಯೋವ್ ರಾಜದ್ರೋಹದ ಆಪಾದನೆಗೆ ಗುರಿಯಾಗಿ ಸೈಬೀರಿಯದ ಶಿಕ್ಷೆ ಪಡೆದಾಗ ಮಾಶಾ ರಾಜಧಾನಿಗೆ ಹೋಗುತ್ತಾಳೆ. ಅರಮನೆಯ ತೋಟದಲ್ಲಿ ಬೆಳಗಿನ ಉಡುಪಿನಲ್ಲಿದ್ದ ಒಬ್ಬ ಮಹಿಳೆಯನ್ನು ಕಂಡು, ಆಕೆ ರಾಣಿಯೆಂದು ಅರಿಯದೆಯೇ, ತನ್ನ ಅರಿಕೆಯನ್ನು ಕೊಡುತ್ತಾಳೆ. ಅವಳು ಬೇಡುವುದು ನ್ಯಾಯವನ್ನಲ್ಲ, ದಯೆಯನ್ನು. ಗ್ರಿನ್ಯೋವ್ ನಿರಪರಾಧಿಯಾಗಿದ್ದರೂ ಈ ಭೇದವನ್ನು ಪುಷ್ಕಿನ್ ಅವಳ ಬಾಯಿಂದಲೇ ಹೇಳಿಸಿದ್ದಾನೆ.

ಹಲವು ವಿಮರ್ಶಕರು ಈ ಕೊನೆಯನ್ನು ರಾಜಾಸ್ಥಾನಕ್ಕೆ ಸಲ್ಲಿಸಿದ ಕಾಣಿಕೆಯೆಂದು ಬಗೆದರು. ಕಾದಂಬರಿಯನ್ನು ಮಾತ್ರ ಓದಿದವರಿಗೆ ಹಾಗೆ ತೋರುವುದು ಸಹಜ. ಇತಿಹಾಸವನ್ನು ಓದಿ ಬಂದವರಿಗೆ ಅದು ಬೇರೆಯಾಗಿ ಕಾಣಬೇಕು. ಕೊಸಾಕರು ಅದೇ ರಾಣಿಯಲ್ಲಿ ಬೇಡಿದ್ದು ದಯೆಯನ್ನಲ್ಲ, ನ್ಯಾಯವನ್ನು. ಗುತ್ತಿಗೆಯ ಲೆಕ್ಕವನ್ನು, ಸಂಬಳದ ಬಾಕಿಯನ್ನು. ತೋಟದಲ್ಲಿ ಒಬ್ಬಳಿಗೆ ದೊರೆತ ಕೃಪೆ ಕಚೇರಿಯಲ್ಲಿ ಒಂದು ಜನಾಂಗಕ್ಕೆ ದೊರೆಯಲಿಲ್ಲ. ದಯೆಯಿಂದ ಒಬ್ಬಿಬ್ಬರು ಉಳಿಯಬಹುದು. ದಯೆಯನ್ನು ನೆಚ್ಚಿ ಒಂದು ರಾಜ್ಯವನ್ನು ಆಳಲಾಗದು. ಈ ಮಾತನ್ನು ಕಾದಂಬರಿ ಬಾಯಿಬಿಟ್ಟು ಹೇಳುವುದಿಲ್ಲ, ಇತಿಹಾಸವೂ ಹೇಳುವುದಿಲ್ಲ. ಎರಡರ ನಡುವೆ ಅದು ನಿಂತಿದೆ.

೫

ಪುಷ್ಕಿನ್ ಹೀಗೆ ಹಂಚಿ ಬರೆದದ್ದಕ್ಕೆ ಹೊರಗಿನ ಕಾರಣವೂ ಇದ್ದಿತು. ಚಕ್ರವರ್ತಿ ಒಂದನೆಯ ನಿಕೊಲಾಸನೇ ಅವನ ಬರಹಗಳ ಪರಿಶೀಲಕನಾಗಿದ್ದನು. 'ಪುಗಚೋವನ ಇತಿಹಾಸ' ಎಂದು ಕವಿಯಿಟ್ಟ ಹೆಸರನ್ನು ತಿದ್ದಿ 'ಪುಗಚೋವ್ ದಂಗೆಯ ಇತಿಹಾಸ' ಎಂದು ಮಾಡಿದವನು ಅವನೇ. ಅಂಥ ಅಪರಾಧಿಗೆ ಇತಿಹಾಸವೆಂಬುದು ಇರದೆಂಬುದು ಅವನ ಮತ. ಗ್ರಂಥದ ಮುದ್ರಣಕ್ಕೆ ಸರ್ಕಾರವೇ ೨೦,೦೦೦ ರೂಬಲ್ ಸಾಲ ಕೊಟ್ಟಿತು. ಅಚ್ಚಾದ ೩,೦೦೦ ಪ್ರತಿಗಳಲ್ಲಿ ಎಷ್ಟೋ ಪ್ರತಿಗಳು ಮಾರಾಟವಾಗದೆ ಉಳಿದವು. ಪುಗಚೋವನ ವಿಚಾರಣೆಯ ಕಡತ ಮೊಹರಿನೊಳಗೇ ಇದ್ದುದರಿಂದ ಅದನ್ನು ನೋಡುವ ಅವಕಾಶ ಅವನಿಗಾಗಲಿಲ್ಲ.

ಕಾದಂಬರಿಯ ಮೊದಲಿನ ಯೋಜನೆಗಳು ಇನ್ನೂ ಹೆಚ್ಚಿನದನ್ನು ತಿಳಿಸುತ್ತವೆ. ೧೮೩೩ರ ಯೋಜನೆಯಲ್ಲಿ ಕಥಾನಾಯಕನು ಪುಗಚೋವನ ಪಕ್ಷವನ್ನು ಸೇರಿದ ಶ್ರೀಮಂತವರ್ಗದ ಅಧಿಕಾರಿ. ಶ್ವಾನ್‌ವಿಚ್ ಎಂಬ ನಿಜವಾದ ವ್ಯಕ್ತಿ ಅದಕ್ಕೆ ಮೂಲ. ಬರೆಯುತ್ತ ಹೋದಂತೆ ಆ ಒಬ್ಬನು ಇಬ್ಬರಾಗಿ ಒಡೆದನು. ಪುಗಚೋವನೊಡನೆ ಸ್ನೇಹ, ಆದರೆ ನಿಷ್ಠೆ ರಾಣಿಗೆ: ಇದು ಗ್ರಿನ್ಯೋವನ ಪಾಲಿಗೆ ಬಂತು. ಪಕ್ಷಾಂತರ ಶ್ವಾಬ್ರಿನನ ಪಾಲಿಗೆ ಬಂತು. ಅದರೊಡನೆ ನೀಚತನವೂ ಬಂತು. ವಿದ್ಯಾವಂತನಾದ ಮನುಷ್ಯನೊಬ್ಬನು ಆಲೋಚಿಸಿ, ಜನರ ಕಾರಣವನ್ನು ನ್ಯಾಯವೆಂದು ಒಪ್ಪಿ ದಂಗೆಯನ್ನು ಸೇರಬಹುದೇ ಎಂಬ ಪ್ರಶ್ನೆ ಹೀಗೆ ಕಾದಂಬರಿಯಿಂದ ಹೊರಬಿದ್ದಿತು. ಕಾದಂಬರಿಯ ನಷ್ಟಗಳಲ್ಲಿ ಇದು ದೊಡ್ಡದು. ಗ್ರಿನ್ಯೋವನ ಸ್ವಂತ ಊರಿನಲ್ಲಿಯೇ ಜೀತದ ರೈತರು ಏಳುವ ಅಧ್ಯಾಯವನ್ನೂ ಪುಷ್ಕಿನ್ ಬರೆದು ಕೈಬಿಟ್ಟನು. ಅದು ಬೆಳಕು ಕಂಡದ್ದು ೧೮೮೦ರಲ್ಲಿ. ಗಡಿಯ ಕೊಸಾಕರ ಸಿಟ್ಟನ್ನು ಚಿತ್ರಿಸಬಹುದಾಗಿತ್ತು, ಮನೆಯ ಆಳುಗಳ ಸಿಟ್ಟನ್ನು ಚಿತ್ರಿಸುವುದು ಸುಲಭವಾಗಿರಲಿಲ್ಲ. ರಷ್ಯನ್ ದಂಗೆಗೆ ಅರ್ಥವೂ ಇಲ್ಲ, ಕರುಣೆಯೂ ಇಲ್ಲವೆಂಬ ಗ್ರಿನ್ಯೋವನ ಅಭಿಪ್ರಾಯವನ್ನು ಲೇಖಕನ ತೀರ್ಪೆಂದು ಎತ್ತಿ ಹೇಳುವವರು ಇತಿಹಾಸದ ಮೊದಲ ಅಧ್ಯಾಯವನ್ನು ಮರೆತಿರುತ್ತಾರೆ. ಕರುಣೆಯಿರಲಿಲ್ಲವೆಂಬುದು ನಿಜ, ಅರ್ಥವಿರಲಿಲ್ಲವೆಂಬುದನ್ನು ಆ ಅಧ್ಯಾಯವೇ ಅಲ್ಲಗಳೆಯುತ್ತದೆ.

ಆದರೂ ಪುಗಚೋವನ ಪಾತ್ರ ಕುಗ್ಗಲಿಲ್ಲ. ರನ್ನನ ಗದಾಯುದ್ಧವನ್ನು ಬಲ್ಲ ಕನ್ನಡಿಗರಿಗೆ ಇದು ಅಪರಿಚಿತವಾದ ಸಂಗತಿಯಲ್ಲ. ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಬರೆದ ಕಾವ್ಯದಲ್ಲಿ ಓದುಗರ ಹೃದಯವನ್ನು ಸೆಳೆದುಕೊ‍ಳ್ಳುವವನು ದುರ್ಯೋಧನ. ಕವಿ ತನ್ನ ಪ್ರಭುವಿಗೆ ಕೊಡಬೇಕಾದುದನ್ನು ಕೊಟ್ಟು, ಪ್ರತಿನಾಯಕನಿಗೆ ಕಾವ್ಯವು ಕೊಡಬೇಕಾದುದನ್ನೂ ಉಳಿಸಿಕೊಂಡಿದ್ದಾನೆ. ಪುಷ್ಕಿನನ ರಾಣಿ ಚಿತ್ರಪಟದಂತೆ ಅಂದವಾಗಿದ್ದಾಳೆ. ಅವನ ಪುಗಚೋವ್ ಉಸಿರಾಡುತ್ತಾನೆ. ಮೋಸಗಾರನಾಗಿ, ಉದಾರಿಯಾಗಿ, ತನ್ನ ಜೊತೆಗಾರರೇ ತನ್ನ ತಲೆಯನ್ನು ಮಾರುವರೆಂಬುದನ್ನು ಬಲ್ಲವನಾಗಿ ಅವನು ಎದ್ದು ನಿಲ್ಲುತ್ತಾನೆ. ಆದರೆ ರನ್ನನೊಡನೆ ಹೋಲಿಕೆ ಇಲ್ಲಿಗೆ ನಿಲ್ಲಬೇಕು. ದುರ್ಯೋಧನನ ಹಿಂದೆ ಇರುವುದು ಅವನ ಛಲ. ಪುಗಚೋವನ ಹಿಂದೆ ಇರುವುದು ಇತರರ ಅಳಲು. ಅವನ ವ್ಯಕ್ತಿತ್ವಕ್ಕೆ ಮಾರುಹೋಗಿ ಆ ಅಳಲನ್ನು ಮರೆಯುವ ಅಪಾಯ ಕಾದಂಬರಿಯಲ್ಲಿದೆ. ತ್ಸ್ವೆತಾಯೆವಾಳ ಸುಂದರವಾದ ಪ್ರಬಂಧ ಆ ಅಪಾಯದಿಂದ ಪಾರಾಗಿಲ್ಲ.

ಇತಿಹಾಸಗ್ರಂಥಕ್ಕೂ ಮಿತಿಗಳುಂಟು. ಬಶ್ಕೀರರ ನೆಲದ ವ್ಯಾಜ್ಯಕ್ಕೂ ಕಾರ್ಖಾನೆಯ ಕೂಲಿಗಳ ಬಾಳಿಗೂ ಅದರಲ್ಲಿ ತಕ್ಕ ಎಡೆ ದೊರೆತಿಲ್ಲ. ಯುದ್ಧದ ವರದಿಗಳ ಭಾರ ಹೆಚ್ಚು. ಮೊಹರಿನೊಳಗಿದ್ದ ಕಾಗದಪತ್ರಗಳು ಮುಂದೆ ಹೊರಬಂದವು. ೧೯೨೬ರಿಂದ ೧೯೩೧ರವರೆಗೆ ಮೂರು ಸಂಪುಟಗಳಲ್ಲಿ ದಂಗೆಯ ದಾಖಲೆಗಳು ರಷ್ಯದಲ್ಲಿ ಅಚ್ಚಾದವು. ಆ ಸಾಮಗ್ರಿ ಪುಷ್ಕಿನನ ಚಿತ್ರವನ್ನು ಬಹಳವಾಗಿ ವಿಸ್ತರಿಸಿದೆ. ಆದರೆ ದಂಗೆಯ ಮೂಲವನ್ನು ವಂಚಕನೊಬ್ಬನ ಧೂರ್ತತೆಯಲ್ಲಿ ಹುಡುಕದೆ, ಒಂದು ನದಿಯ ಜನರ ತೀರದ ಲೆಕ್ಕದಲ್ಲಿ ಹುಡುಕಿದ ಅವನ ದೃಷ್ಟಿ ಆ ದಾಖಲೆಗಳಿಂದ ಸುಳ್ಳಾಗಲಿಲ್ಲ. ಆದ್ದರಿಂದ ಈ ಎರಡು ಗ್ರಂಥಗಳನ್ನು ಅವು ಪ್ರಕಟವಾದ ಕ್ರಮದಲ್ಲಿಯೇ ಓದುವುದು ಯುಕ್ತ. ಸಂಕೋಲೆ ತೊಟ್ಟ ಕೊಸಾಕ್ ಪ್ರತಿನಿಧಿಗಳನ್ನು ಮೊದಲು ಕಂಡವರು ಅರಮನೆಯ ತೋಟದಲ್ಲಿ ಮಾಶಾ ತನ್ನ ಕಾಗದವನ್ನು ನೀಡುವುದನ್ನು ನೋಡಿ ಸಂತೋಷಪಡಬಲ್ಲರು. ಆ ಸಂತೋಷದ ಅಳತೆಯೂ ಅವರಿಗೆ ತಿಳಿದಿರುತ್ತದೆ.